ಅದೇ ಪರೀಕ್ಷೆ, ಎಪ್ಪತ್ತೇಳರ ವಯಸ್ಸಿನಲ್ಲಿ

“ಇವಳಿಗೆ ಓದು ತಲೆಗೆ ಹತ್ತುವುದಿಲ್ಲ” ಎಂದು ಮಗಳ ಬಗ್ಗೆ ಹೇಳುವವರೇ “ಅರವತ್ತಕ್ಕೆ ಅರಳು ಮರುಳು” ಎಂದು ಅತ್ತೆಯ ಬಗ್ಗೆಯೂ ಹೇಳುವುದುಂಟು. ಸಹೋದರಿಯರೇ, ಅಲ್ಲಾಹನು ಕರುಣಿಸಿದ ಬುದ್ಧಿಶಕ್ತಿಯ ಕುರಿತು ಇಷ್ಟು ಸುಲಭವಾಗಿ ತೀರ್ಪು ನೀಡಬಹುದೇ?

ಸ್ಕಾಟ್ಲೆಂಡಿನಲ್ಲಿ 1932ರ ಜೂನ್ 1ರಂದು ಹನ್ನೊಂದರ ಆಸುಪಾಸಿನ ಶಾಲಾ ಮಕ್ಕಳಿಗೆಲ್ಲ ಒಂದೇ ಬುದ್ಧಿ ಪರೀಕ್ಷೆ ನಡೆಯಿತು. ಬರೆದವರು 87,498 ಮಕ್ಕಳು. ಆ ಅಂಕಪಟ್ಟಿಗಳು ದಶಕಗಳ ಕಾಲ ಯಾರ ಗಮನಕ್ಕೂ ಬಾರದೆ ಉಳಿದವು. 1998ರಲ್ಲಿ ಇಯಾನ್ ಡಿಯರಿ ಮತ್ತು ಸಂಗಡಿಗರು ಅವರಲ್ಲಿ ಬದುಕಿದ್ದ ಕೆಲವರನ್ನು ಅಬರ್ಡೀನ್ ನಗರದಲ್ಲಿ ಕೂಡಿಸಿ ಅದೇ ಪ್ರಶ್ನೆಪತ್ರಿಕೆ ಕೊಟ್ಟರು. ಆಗ ಅವರಿಗೆ 77 ವರ್ಷ! 101 ಮಂದಿಯ ಅಂಕಗಳನ್ನು ಹೋಲಿಸಿದಾಗ, ಬಾಲ್ಯದಲ್ಲಿ ಮುಂದಿದ್ದವರು ಬಹುಮಟ್ಟಿಗೆ ಮುಂದೆಯೇ ಇದ್ದರು. ಪೂರ್ಣ ಹೊಂದಾಣಿಕೆಯನ್ನು 1 ಎಂದುಕೊಂಡರೆ ಇಲ್ಲಿ ಸಿಕ್ಕಿದ್ದು 0.63. ಅಂದರೆ ಬುದ್ಧಿಗೆ ಸ್ಥಿರತೆ ಇದೆ, ನಿಜ. ಆದರೆ ಮೇಲೇರಿದವರೂ ಇದ್ದರು, ಕೆಳಗಿಳಿದವರೂ ಇದ್ದರು. ಇನ್ನೊಂದು ಸಂಗತಿ: ಅವರ ಸರಾಸರಿ ಅಂಕ ಹನ್ನೊಂದರ ವಯಸ್ಸಿಗಿಂತ ಎಪ್ಪತ್ತೇಳರಲ್ಲೇ ಹೆಚ್ಚಿತ್ತು.

ಬುದ್ಧಿಯ ಎಲ್ಲ ಮುಖಗಳೂ ಒಟ್ಟಿಗೆ ಮುಪ್ಪಾಗುವುದಿಲ್ಲ. ಹೊಸ ಲೆಕ್ಕವನ್ನು ಥಟ್ಟನೆ ಬಿಡಿಸುವ ವೇಗ ಯೌವನದ ನಂತರ ಮೆಲ್ಲಗೆ ತಗ್ಗುತ್ತದೆ. ಪದಸಂಪತ್ತು, ಗಳಿಸಿದ ಜ್ಞಾನ ಅರವತ್ತರವರೆಗೂ ಬೆಳೆಯಬಲ್ಲದು. ಮದ್ರಸದಲ್ಲಿ ನಾವಿದನ್ನು ದಿನವೂ ಕಾಣುತ್ತೇವೆ. ಹತ್ತು ವರ್ಷದ ಹುಡುಗ ಒಂದು ಪುಟವನ್ನು ಬೇಗ ಕಂಠಪಾಠ ಮಾಡುತ್ತಾನೆ. ಐವತ್ತರ ತಾಯಿಗೆ ಒಂದು ವಾರ ಬೇಕು. ಆದರೆ ಅರ್ಥ ವಿವರಿಸುವಾಗ ತಲೆದೂಗುವವರು, ಪ್ರಶ್ನೆ ಕೇಳುವವರು ಆ ತಾಯಿಯೇ. (ಬಹುಮಾನ ಮಾತ್ರ ಹುಡುಗನಿಗೆ!)

ಇನ್ನು ಮಗಳ ವಿಷಯ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿತು. ಶಾಲೆಯಲ್ಲಿ ಹೆಚ್ಚುವರಿಯಾಗಿ ಕಲಿತ ಒಂದೊಂದು ವರ್ಷವೂ ಐಕ್ಯೂವನ್ನು ಸುಮಾರು 1ರಿಂದ 5 ಅಂಕಗಳಷ್ಟು ಏರಿಸುತ್ತದೆ ಎಂದು ಕಂಡುಬಂತು. ‘ಬುದ್ಧಿ ಸಾಲದು’ ಎಂದು ಹತ್ತನೆಯ ತರಗತಿಗೆ ಮಗಳನ್ನು ಶಾಲೆ ಬಿಡಿಸುವವರು, ಬುದ್ಧಿ ಬೆಳೆಸುವ ಸಾಧನವನ್ನೇ ಅವಳಿಂದ ಕಿತ್ತುಕೊಳ್ಳುತ್ತಿದ್ದಾರೆ. ಅಣ್ಣ ಫೇಲಾದರೆ ಟ್ಯೂಷನ್, ತಂಗಿ ಫೇಲಾದರೆ ವರಾನ್ವೇಷಣೆ - ಇದು ಯಾವ ನ್ಯಾಯ?

ಅರಿತ ಬಳಿಕ ಏನನ್ನೂ ಅರಿಯದಂತಾಗುವ ಇಳಿವಯಸ್ಸಿನ ಕುರಿತು ಸೂರಃ ಅನ್ನಹ್ಲ್‌ನ 70ನೇ ಸೂಕ್ತದಲ್ಲಿ ಪ್ರಸ್ತಾಪವಿದೆ. ಪ್ರವಾದಿ(ಸ) ಆ ಸ್ಥಿತಿಯಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಆದರೆ ಎಲ್ಲ ಮರೆವೂ ಅದಲ್ಲ. ಅತ್ತೆ ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು, ನೆಂಟರ ಹೆಸರಿಗೆ ತಡವರಿಸುವುದು ವಯಸ್ಸಿನ ಸಹಜ ನಿಧಾನ. ದಿನವೂ ನಡೆದ ದಾರಿಯನ್ನೇ ತಪ್ಪಿದರೆ, ಈಗಷ್ಟೇ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ಕೈಪಳಗಿದ ಅಡುಗೆಯ ಕ್ರಮವೇ ಮರೆತುಹೋದರೆ ಗದರಬೇಡಿ, ನಗಬೇಡಿ. ವೈದ್ಯರಲ್ಲಿಗೆ ಕರೆದೊಯ್ಯಿರಿ. ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ ಅಥವಾ ಖಿನ್ನತೆಯಿಂದ ಬಂದ ಮರೆವಾದರೆ ಅದಕ್ಕೆ ಚಿಕಿತ್ಸೆಯಿದೆ.