ಶಾಲಾ ವಿದ್ಯಾರ್ಥಿಗಳಿಂದ ವಿದೇಶಿ ಭಾಷೆಗಳಲ್ಲಿ ಕವಿತೆ ಹಾಗೂ ಗೀತರಚನೆ: ಇಂಗ್ಲೆಂಡಿನ ಅನುಭವ

ವಿದೇಶಿ ಭಾಷೆಯನ್ನು ಕಲಿಯುವ ಮಕ್ಕಳು ಆ ಭಾಷೆಯಲ್ಲಿ ಸ್ವಂತ ಕವಿತೆ ಹಾಗೂ ಹಾಡುಗಳನ್ನು ರಚಿಸುವಂತೆ ಉತ್ತೇಜಿಸುವ ಪ್ರಯತ್ನಗಳು ಇಂಗ್ಲೆಂಡಿನ ಶಾಲೆಗಳಲ್ಲಿ ನಡೆದಿವೆ. ಇವುಗಳ ಹಿನ್ನೆಲೆ, ವಿಧಾನ ಹಾಗೂ ಪ್ರಯೋಜನಗಳನ್ನು ಪೋಷಕರ ಮತ್ತು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

2004ರಲ್ಲಿ ಇಂಗ್ಲೆಂಡಿನಲ್ಲಿ 14 ವರ್ಷ ದಾಟಿದ ವಿದ್ಯಾರ್ಥಿಗಳಿಗೆ ವಿದೇಶಿ ಭಾಷಾ ಕಲಿಕೆಯನ್ನು ಐಚ್ಛಿಕಗೊಳಿಸಲಾಯಿತು. ತದನಂತರ ಜಿಸಿಎಸ್‌ಇ ಪರೀಕ್ಷೆಗೆ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳನ್ನು ಆಯ್ದುಕೊಳ್ಳುವವರ ಸಂಖ್ಯೆಯು ಗಣನೀಯವಾಗಿ ಇಳಿಯಿತು. 2014ರ ಸೆಪ್ಟೆಂಬರ್‌ನಲ್ಲಿ 7ರಿಂದ 11 ವರ್ಷ ವಯೋಮಾನದ ಮಕ್ಕಳ ರಾಷ್ಟ್ರೀಯ ಪಠ್ಯಕ್ರಮಕ್ಕೆ ಭಾಷಾ ಕಲಿಕೆಯನ್ನು ಸೇರಿಸಿದಾಗ, ಆ ಭಾಷೆಯ ಕಥೆ, ಹಾಡು, ಕವಿತೆ ಹಾಗೂ ಪ್ರಾಸಪದ್ಯಗಳ ಆಸ್ವಾದನೆಯೂ ಅದರ ಉದ್ದೇಶಗಳಲ್ಲಿ ಒಂದಾಯಿತು.

ಎರಡು ವಿಭಾಗಗಳು

ಕ್ಯಾರಲ್ ಆ್ಯನ್ ಡಫಿ ಅವರು ಬ್ರಿಟನ್ನಿನ ಆಸ್ಥಾನಕವಿಯಾಗಿದ್ದ (2009–2019) ಅವಧಿಯಲ್ಲಿ, ಮ್ಯಾಂಚೆಸ್ಟರ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯವು ಅವರ ಸಹಯೋಗದೊಂದಿಗೆ ‘ಮದರ್ ಟಂಗ್ ಅದರ್ ಟಂಗ್’ ಎಂಬ ಕವಿತಾ ಸ್ಪರ್ಧೆಯನ್ನು ನಡೆಸಿತು. ಇದರಲ್ಲಿ ಎರಡು ವಿಭಾಗಗಳಿದ್ದವು.

1. ಮಾತೃಭಾಷೆ: ಇಂಗ್ಲಿಷ್ ಮನೆಮಾತಲ್ಲದ ಮಕ್ಕಳು ತಮ್ಮ ಭಾಷೆಯ ಜೋಗುಳ, ಕವಿತೆ ಅಥವಾ ಹಾಡನ್ನು ನೀಡಿ, ಅದು ತಮಗೆ ಏಕೆ ಮುಖ್ಯವೆಂಬುದನ್ನು ವಿವರಿಸುವುದು.
2. ಅನ್ಯಭಾಷೆ: ಶಾಲೆಯಲ್ಲಿ ಕಲಿಯುತ್ತಿರುವ ಭಾಷೆಯಲ್ಲಿ ಸ್ವಂತ ಕವಿತೆಯನ್ನು ರಚಿಸುವುದು.

ಬ್ರಿಟನ್ನಿನಲ್ಲಿ ಬೆಳೆಯುತ್ತಿರುವ ಕನ್ನಡ ಮನೆಮಾತಿನ ಮಗುವು ಅಜ್ಜಿಯಿಂದ ಕಲಿತ ಜೋಗುಳವು ಮೊದಲ ವಿಭಾಗಕ್ಕೆ ಸಲ್ಲುವಂತಹುದು. ಶಾಲೆಯಲ್ಲಿ ಬಳಕೆಗೆ ಬಾರದ ಮನೆಮಾತು ಮಗುವಿನಿಂದ ಕ್ರಮೇಣ ದೂರವಾಗುವ ಸಂಭವವಿರುವುದರಿಂದ, ಅದಕ್ಕೆ ತರಗತಿಯಲ್ಲಿ ಸ್ಥಾನ ದೊರೆಯುವುದು ಮಹತ್ವದ ಸಂಗತಿ.

ಪ್ರಯೋಜನಗಳು

• ಕವಿತೆಗೆ ಹೆಚ್ಚಿನ ಪದಸಂಪತ್ತು ಬೇಕಿಲ್ಲ. ಮೂರು ಸಾಲಿನ ಹಾಯಿಕು ಅಥವಾ ಹೆಸರಿನ ಒಂದೊಂದು ಅಕ್ಷರದಿಂದ ಒಂದೊಂದು ಸಾಲನ್ನು ಆರಂಭಿಸುವ ಪದ್ಯವನ್ನು ಹೊಸಬರೂ ರಚಿಸಬಲ್ಲರು.
• ಕನ್ನಡವನ್ನು ಬಹುಮಟ್ಟಿಗೆ ಬರೆದಂತೆಯೇ ಓದಲಾಗುತ್ತದೆ. ಫ್ರೆಂಚ್ ಭಾಷೆಯಲ್ಲಾದರೋ ಪದಾಂತ್ಯದ ಅನೇಕ ವ್ಯಂಜನಗಳಿಗೆ ಉಚ್ಚಾರಣೆಯಿಲ್ಲ. ಆದುದರಿಂದ ಪ್ರಾಸ ಹೊಂದಿಸುವ ವಿದ್ಯಾರ್ಥಿಯು ಅಕ್ಷರವನ್ನು ನೋಡಿದರೆ ಸಾಲದು, ಧ್ವನಿಯನ್ನು ಆಲಿಸಬೇಕಾಗುತ್ತದೆ.
• ಹಾಡಿನ ಪಲ್ಲವಿಯು ಮರಳಿ ಮರಳಿ ಬರುವುದರಿಂದ ವಾಕ್ಯರಚನೆಯು ಕಂಠಪಾಠದ ಹೊರೆಯಿಲ್ಲದೆ ನೆನಪಿನಲ್ಲಿ ಉಳಿಯುತ್ತದೆ.

ಪೋಷಕರ ಗಮನಕ್ಕೆ

ತಪ್ಪಾದೀತೆಂಬ ಭಯದಿಂದಲೇ ಭಾಷೆಯನ್ನು ಕೈಬಿಡುವ ಮಕ್ಕಳಿದ್ದಾರೆ. ಆದ್ದರಿಂದ ಮಗುವಿನ ರಚನೆಯನ್ನು ಮೊದಲು ಪೂರ್ಣವಾಗಿ ಓದಿಸಿ ಅಥವಾ ಹಾಡಿಸಿ ಕೇಳತಕ್ಕದ್ದು. ವ್ಯಾಕರಣದೋಷಗಳನ್ನು ಅನಂತರ ತಿದ್ದಬಹುದು. ಕನ್ನಡದಲ್ಲಿ ಬರೆದು ಪದಶಃ ಅನುವಾದಿಸುವುದಕ್ಕಿಂತ, ಮಗುವಿಗೆ ಆ ಭಾಷೆಯಲ್ಲಿ ಈಗಾಗಲೇ ತಿಳಿದಿರುವ ಪದಗಳಿಂದಲೇ ಆರಂಭಿಸುವುದು ಸೂಕ್ತ. ಪೋಷಕರಿಗೆ ಆ ಭಾಷೆ ತಿಳಿದಿರಬೇಕೆಂಬ ನಿರ್ಬಂಧವಿಲ್ಲ. ಅರ್ಥವನ್ನು ವಿವರಿಸುವಂತೆ ಮಗುವನ್ನು ಕೇಳಿದಲ್ಲಿ ಅದೂ ಕಲಿಕೆಯ ಭಾಗವೇ ಆಗುತ್ತದೆ.