ಗೆಣ್ಣೆಣಿಸಿದರೆ ಮೂವತ್ತಾರು

‘ಮುಗಿಸೋ ಹೊತ್ತಿಗೆ ವಯಸ್ಸೆಷ್ಟಾಗಿರುತ್ತೆ, ಲೆಕ್ಕ ಹಾಕಿದ್ದೀಯೇನಪ್ಪಾ?’

ಎಂಜಿನಿಯರಿಂಗ್ ಓದಿ, ನಾಲ್ಕು ವರ್ಷ ಕೆಲಸವನ್ನೂ ಮಾಡಿದ ಹುಡುಗ ‘ನಾನು ಎಂಬಿಬಿಎಸ್ ಸೇರ್ತೀನಿ’ ಅಂದರೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಇದು. ಸೋದರಮಾವ ಕಿರುಬೆರಳಿನ ಗೆಣ್ಣಿಗೆ ಹೆಬ್ಬೆರಳು ಒತ್ತಿ ಎಣಿಸಲು ಶುರು ಮಾಡುತ್ತಾರೆ. ಈಗ 26. ನೀಟ್ ತಯಾರಿಗೆ ಒಂದು ವರ್ಷ. ಓದು ನಾಲ್ಕೂವರೆ, ಇಂಟರ್ನ್‌ಶಿಪ್ ಒಂದು. ಬರೀ ಎಂಬಿಬಿಎಸ್ ಇಟ್ಟುಕೊಂಡು ಏನು ಮಾಡ್ತಾನೆ, ಪಿಜಿಗೆ ಮೂರು. ನಡುವೆ ಇನ್ನೊಂದು ಎಂಟ್ರೆನ್ಸು. ಹೆಬ್ಬೆರಳು ಮೂರು ಬೆರಳು ದಾಟಿ ತೋರುಬೆರಳಿಗೆ ಬರುವಷ್ಟರಲ್ಲಿ 36. ‘ಮದುವೆ ಯಾವಾಗ?’ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ, ಅದನ್ನು ಬಿಡಿ.

ಮೂವತ್ತಾರು ಅಂದಾಗ ನನಗೆ ನೆನಪಾಗುವುದು 1911ರ ಡಿಸೆಂಬರ್. ಆಲ್ಬರ್ಟ್ ಶ್ವೈಟ್ಜರ್ ಸ್ಟ್ರಾಸ್‌ಬರ್ಗ್‌ನಲ್ಲಿ ವೈದ್ಯಕೀಯದ ಕೊನೆಯ ಪರೀಕ್ಷೆ ಮುಗಿಸಿದಾಗ ಅವನಿಗೂ 36. ಸೇರಿದಾಗ 30. ಆ ಮೂವತ್ತರ ಒಳಗೆ ಅವನು ಮಾಡಿ ಮುಗಿಸಿದ್ದನ್ನು ನೋಡಿದರೆ ಸೋದರಮಾವನೇ ಎಣಿಕೆ ನಿಲ್ಲಿಸಿಯಾರು. 1899ರಲ್ಲಿ ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್, ಮರುವರ್ಷವೇ ದೇವತಾಶಾಸ್ತ್ರದಲ್ಲಿ ಲೈಸೆನ್ಷಿಯೇಟ್ ಪದವಿ. ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು, ಚರ್ಚಿನಲ್ಲಿ ಬೋಧಕ, ಯುರೋಪಿನ ಕಛೇರಿಗಳಿಗೆ ಕರೆಸಿಕೊಳ್ಳುವ ಆರ್ಗನ್ ವಾದಕ. ಸಂಗೀತಗಾರ ಬಾಖ್‌ನ ಮೇಲೆ ಫ್ರೆಂಚ್‌ನಲ್ಲಿ ಬರೆದ 455 ಪುಟದ ಪುಸ್ತಕವೂ 1905ರಲ್ಲೇ ಹೊರಬಂತು.

ಅದೇ ವರ್ಷದ ಅಕ್ಟೋಬರ್ 13ರಂದು ಅವನು ಪ್ಯಾರಿಸ್ಸಿನ ಒಂದು ಅಂಚೆಪೆಟ್ಟಿಗೆಗೆ ಕೆಲವು ಕಾಗದ ಹಾಕಿದ. ಅಪ್ಪ ಅಮ್ಮನಿಗೆ, ಹತ್ತಿರದವರಿಗೆ. ವಿಷಯ ಇಷ್ಟೇ: ವೈದ್ಯಕೀಯ ಓದಿ ಆಫ್ರಿಕಾಕ್ಕೆ ಹೋಗುತ್ತೇನೆ. ಮನೆಯವರೂ ಗೆಳೆಯರೂ ಸುಮ್ಮನಿರಲಿಲ್ಲ, ವಾದ ಮಾಡಿ ಮಾಡಿ ಅವನನ್ನು ದಣಿಸಿದರು. ಕೆಲವು ದಿನಗಳ ನಂತರ ಹೆಸರು ಬರೆಸಲು ಹೋದರೆ, ವೈದ್ಯಕೀಯ ವಿಭಾಗದ ಡೀನ್‌ಗೆ ಇವನನ್ನು ತನ್ನ ಮನೋವೈದ್ಯ ಸಹೋದ್ಯೋಗಿಯ ಬಳಿಗೇ ಕಳಿಸೋಣ ಅನ್ನಿಸಿತಂತೆ. ಇದನ್ನು ಶ್ವೈಟ್ಜರನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ತಮಾಷೆಯೆಂದರೆ, ಎಂಟು ವರ್ಷದ ಬಳಿಕ ಅವನು ವೈದ್ಯಕೀಯ ಡಾಕ್ಟರೇಟಿಗೆ ಒಪ್ಪಿಸಿದ ಪ್ರಬಂಧ ಮನೋವೈದ್ಯಕ್ಕೇ ಸೇರಿದ್ದು. ಯೇಸುವಿಗೆ ಬುದ್ಧಿಭ್ರಮೆಯಿತ್ತು ಎಂದವರಿಗೆ ಅದರಲ್ಲಿ ಉತ್ತರ ಕೊಟ್ಟಿದ್ದ.

ಅಡ್ಡಿ ಇನ್ನೂ ಒಂದಿತ್ತು. ಅದೇ ವಿಶ್ವವಿದ್ಯಾಲಯದ ಬೋಧಕನಾದವನು ಅಲ್ಲೇ ವಿದ್ಯಾರ್ಥಿಯಾಗಿ ಹೆಸರು ಬರೆಸುವಂತಿರಲಿಲ್ಲ. ತರಗತಿಗೆ ಬಂದಿದ್ದಾನೆಂದು ಪ್ರಾಧ್ಯಾಪಕರು ಬರೆದುಕೊಟ್ಟರೆ ಪರೀಕ್ಷೆಗೆ ಕೂರಬಹುದು ಎಂದು ದಾರಿ ಮಾಡಿಕೊಟ್ಟರು. ಸಹೋದ್ಯೋಗಿಗಳಲ್ಲವೆ, ಪಾಠದ ಶುಲ್ಕವನ್ನೂ ತೆಗೆದುಕೊಳ್ಳಲಿಲ್ಲ.

ನಮ್ಮ ಹುಡುಗನಿಗೆ ಈಗ ಡೀನ್ ಅಡ್ಡವಿಲ್ಲ, ವಯಸ್ಸೂ ಅಡ್ಡವಿಲ್ಲ. ನೀಟ್‌ಗಿದ್ದ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಿದರು. ಅದಕ್ಕೂ ಮೊದಲೇ, 2020ರಲ್ಲಿ, ಒಡಿಶಾದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು 64ನೇ ವಯಸ್ಸಿನಲ್ಲಿ ಬುರ್ಲಾದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಸೀಟು ಪಡೆದಿದ್ದರು. ಈಗ ಅಡ್ಡ ನಿಂತಿರುವುದು ಜನಸಂಖ್ಯೆ. 2025ರ ಮೇ 4ರ ಮಧ್ಯಾಹ್ನ ಎರಡರಿಂದ ಐದರವರೆಗೆ 22 ಲಕ್ಷ ಮಂದಿ ಒಂದೇ ಪರೀಕ್ಷೆ ಬರೆದರು. ದೇಶದಲ್ಲಿರುವ ಎಂಬಿಬಿಎಸ್ ಸೀಟು ಒಂದೂಕಾಲು ಲಕ್ಷದ ಆಸುಪಾಸು. 180 ನಿಮಿಷ, 180 ಪ್ರಶ್ನೆ, ಅದರಲ್ಲಿ 90 ಜೀವಶಾಸ್ತ್ರದವು. ಪಿಯುಸಿಯಲ್ಲಿ ಪಿಸಿಎಂಸಿ ತೆಗೆದುಕೊಂಡವನು ಎಸ್ಸೆಸ್ಸೆಲ್ಸಿಯ ನಂತರ ಕಪ್ಪೆಯ ಚಿತ್ರವನ್ನೂ ಬರೆದಿರುವುದಿಲ್ಲ. 720 ಅಂಕದಲ್ಲಿ 360 ಅವನಿಗೆ ಪೂರ್ತಿ ಹೊಸ ಊರು. ಬಿಟ್ಟುಹೋದ ಬಯಾಲಜಿಯನ್ನು ಆಮೇಲೆ ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡು ಬಂದರೂ ಸರಿ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಒಪ್ಪಿದ್ದು 2023ರಲ್ಲಿ.

ಶ್ವೈಟ್ಜರನಿಗೆ ಈ ಜಾತ್ರೆ ಇರಲಿಲ್ಲ ನಿಜ. ಆದರೆ ಅವನು ಹಳೆಯ ಕೆಲಸ ಬಿಟ್ಟು ಹೊಸದು ಹಿಡಿದವನಲ್ಲ, ಹಳೆಯದರ ಮೇಲೆ ಹೊಸದನ್ನು ಹೇರಿಕೊಂಡವನು. ನನಗೆ ಬೆರಗು ಹುಟ್ಟಿಸುವುದು ಮೂವತ್ತು ಎಂಬ ಅಂಕಿಯಲ್ಲ, ಈ ಹೇರು. ಹಗಲು ಅಂಗರಚನೆ, ಶರೀರಕ್ರಿಯೆ. ಜೊತೆಗೆ ದೇವತಾಶಾಸ್ತ್ರದ ಪಾಠ ಹೇಳುವುದು, ಭಾನುವಾರಗಳಲ್ಲಿ ಚರ್ಚು, ನಡುನಡುವೆ ಆರ್ಗನ್ ನುಡಿಸಲು ಪ್ಯಾರಿಸ್ಸಿಗೆ ರೈಲು. ಬಾಖ್ ಪುಸ್ತಕವನ್ನು ಜರ್ಮನ್‌ಗೆ ತಿರುಗಿಸಲು ಹೊರಟವನು ಹೊಸದಾಗಿಯೇ ಬರೆಯುತ್ತಾ ಹೋದ. 455 ಪುಟ 844 ಪುಟವಾಯಿತು. ಅದು ಹೊರಬಂದ 1908ರಲ್ಲೇ ಅಂಗರಚನೆ, ಶರೀರಕ್ರಿಯೆಗಳ ಮೊದಲ ದೊಡ್ಡ ಪರೀಕ್ಷೆ. ಮೂವತ್ತು ದಾಟಿದವನ ನೆನಪಿನ ಶಕ್ತಿ ಇಪ್ಪತ್ತರವನದ್ದಲ್ಲ ಎಂಬುದು ಅವನಿಗೆ ಅಲ್ಲಿ ಚೆನ್ನಾಗಿ ತಿಳಿಯಿತು. ಪರೀಕ್ಷೆಗೆ ಕೆಲವೇ ವಾರ ಇದ್ದಾಗ ಹುಡುಗರ ಉರುಹೊಡೆಯುವ ಗುಂಪಿಗೆ ಸೇರಿಕೊಂಡು, ಮೇಷ್ಟ್ರುಗಳು ಸಾಮಾನ್ಯವಾಗಿ ಯಾವ ಪ್ರಶ್ನೆ ಕೇಳುತ್ತಾರೆ, ಯಾವ ಉತ್ತರ ಇಷ್ಟಪಡುತ್ತಾರೆ ಎಂದು ತಿಳಿದುಕೊಂಡ. ಡಾಕ್ಟರೇಟ್ ಇದ್ದವನೂ ‘ಇಂಪಾರ್ಟೆಂಟ್ ಕ್ವೆಶ್ಚನ್ಸ್’ ಹುಡುಕಿದ್ದನ್ನು ಓದಿದಾಗ ಅವನ ಮೇಲೆ ನನಗೆ ಪ್ರೀತಿ ಹೆಚ್ಚಾಯಿತು.

1911ರ ಕೊನೆಯ ಪರೀಕ್ಷೆಯ ಶುಲ್ಕವನ್ನು ಅವನು ಕಟ್ಟಿದ್ದು ಮ್ಯೂನಿಕ್‌ನ ಸಂಗೀತೋತ್ಸವದಲ್ಲಿ ಆರ್ಗನ್ ನುಡಿಸಿ ಸಿಕ್ಕ ಸಂಭಾವನೆಯಿಂದ.

ಮಡದಿ ಹೆಲೆನ್ ನರ್ಸಿಂಗ್ ಕಲಿತಳು. ಔಷಧ, ಬಟ್ಟೆ, ಉಪಕರಣ ತುಂಬಿದ 70 ಪೆಟ್ಟಿಗೆಗಳನ್ನು 1913ರ ಫೆಬ್ರವರಿಯಲ್ಲಿ ಬೋರ್ಡೋ ಬಂದರಿಗೆ ಕಳಿಸಿದರು. ಸಾಮಾನಿನ ಜೊತೆ ಗೆದ್ದಲು, ತೇವ ತಡೆಯಲೆಂದು ಸತುವಿನ ಅಸ್ತರಿ ಹಾಕಿಸಿದ ಪಿಯಾನೊ ಕೂಡ ಇತ್ತು, ಆರ್ಗನ್ನಿನಂತೆ ಕಾಲಲ್ಲೂ ನುಡಿಸುವಂಥದ್ದು. ಗಬಾನ್‌ನ ಒಗೊವೆ ನದಿಯ ದಂಡೆಯ ಲಾಂಬರೆನೆ ಎಂಬಲ್ಲಿಗೆ ತಲುಪಿದಾಗ ಅವನಿಗೆ 38. ಆಸ್ಪತ್ರೆ ಇನ್ನೂ ಕಟ್ಟಿರಲಿಲ್ಲ. ಹಳೆಯ ಕೋಳಿಗೂಡೊಂದನ್ನು ಗುಡಿಸಿ, ಸುಣ್ಣ ಬಳಿದು, ಅದರಲ್ಲೇ ರೋಗಿಗಳನ್ನು ನೋಡತೊಡಗಿದ. ಗೂಡಿನ ಮಾಡೂ ಹರಿದಿತ್ತು, ಮೇಲೆ ಸಮಭಾಜಕದ ಬಿಸಿಲು. ಆ ವರ್ಷದ ಕೊನೆಗೆ ಸಿಕ್ಕಿದ್ದು ತಗಡಿನ ಒಂದು ಕಟ್ಟಡ: ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ತಾಳೆಗರಿಯ ಮಾಡು. ಶಸ್ತ್ರಚಿಕಿತ್ಸೆಯ ಕೋಣೆ, ಔಷಧದ ಕೋಣೆ ಎಲ್ಲವೂ ಅದರೊಳಗೇ. ಮೊದಲ ಒಂಬತ್ತು ತಿಂಗಳಲ್ಲಿ ಹತ್ತಿರ ಹತ್ತಿರ 2000 ರೋಗಿಗಳು. ನೂರಾರು ಕಿಲೋಮೀಟರ್ ದೂರದಿಂದ ದೋಣಿಯಲ್ಲಿ ಬಂದವರು ಅವರಲ್ಲಿದ್ದರು.

ಲೆಕ್ಕ ಅಂದಮೇಲೆ ಕಳೆಯುವುದನ್ನೂ ಕಳೆಯಬೇಕು. ಅವನು ಜರ್ಮನ್ ಪ್ರಜೆ, ಗಬಾನ್ ಫ್ರೆಂಚರದ್ದು. ಮಹಾಯುದ್ಧ ಶುರುವಾದ 1914ರಲ್ಲೇ ಕಾವಲು ಬಿತ್ತು. 1917ರಲ್ಲಿ ಸೆರೆಯಾಳಾಗಿ ಯುರೋಪಿಗೆ ಸಾಗಿಸಿದರು. ಮತ್ತೆ ಲಾಂಬರೆನೆಗೆ ಕಾಲಿಟ್ಟದ್ದು 1924ರಲ್ಲಿ, 49ನೇ ವಯಸ್ಸಿನಲ್ಲಿ. ಕಲಿಯಲು ಹಿಡಿದಷ್ಟೇ ಕಾಲ ಕಳೆದುಹೋಗಿತ್ತು, ಕಟ್ಟಿದ್ದು ಪಾಳುಬಿದ್ದಿತ್ತು. ಆಫ್ರಿಕನ್ನರನ್ನು ತಮ್ಮಂದಿರಂತೆ ಕಂಡ, ಸರಿಸಮರಂತೆ ಕಾಣಲಿಲ್ಲ ಎಂಬ ಆಕ್ಷೇಪವೂ ಅವನ ಮೇಲಿದೆ, ಅದು ಸುಳ್ಳೇನಲ್ಲ.

1952ರ ಶಾಂತಿ ನೊಬೆಲ್‌ನಲ್ಲಿ ಬಂದ 33 ಸಾವಿರ ಡಾಲರ್ ಕುಷ್ಠರೋಗಿಗಳ ಕೇರಿ ಕಟ್ಟಲು ಹೋಯಿತು. 1960ರ ದಶಕದ ಆರಂಭಕ್ಕೆ ಆ ಆಸ್ಪತ್ರೆಯಲ್ಲಿ ಒಮ್ಮೆಗೆ 500ಕ್ಕೂ ಹೆಚ್ಚು ರೋಗಿಗಳು ಉಳಿಯಬಹುದಿತ್ತು. 1965ರ ಸೆಪ್ಟೆಂಬರ್‌ನಲ್ಲಿ ಅವನು ತೀರಿಕೊಂಡದ್ದೂ ಅಲ್ಲೇ. ಆಗ ವಯಸ್ಸು 90. ಡಾಕ್ಟರಿಕೆಯ ಕೊನೆಯ ಪರೀಕ್ಷೆ ಮುಗಿಸಿ 53 ವರ್ಷ ಕಳೆದಿತ್ತು.