ಕೌದಿಯ ಸುತ್ತ ಕುಳಿತವರು

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳು ಹಳ್ಳಿಗಳ ನಾಡಾಗಿದ್ದವು. 1800ರ ಜನಗಣತಿಯಂತೆ ಅಲ್ಲಿದ್ದ ಸುಮಾರು 53 ಲಕ್ಷ ಜನರಲ್ಲಿ ನೂರಕ್ಕೆ 94 ಮಂದಿ ಹಳ್ಳಿವಾಸಿಗಳು. ಈಶಾನ್ಯದ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ ಒಂದು ಒಕ್ಕಲುಮನೆಗೂ ಇನ್ನೊಂದಕ್ಕೂ ನಡುವೆ ಹೊಲ, ಹುಲ್ಲುಗಾವಲು, ಕಾಡು ಹಬ್ಬಿರುತ್ತಿದ್ದವು. ವಾರಕ್ಕೊಮ್ಮೆ ವೃತ್ತಪತ್ರಿಕೆ ಬಂದರೂ ಅದರ ತುಂಬ ಯುರೋಪಿನ ಯುದ್ಧಗಳು, ರಾಜಧಾನಿಯ ಭಾಷಣಗಳು. ನೆರೆಯೂರಿನ ಸುದ್ದಿ ಅದರಲ್ಲಿ ಬರುವುದು ಅಪರೂಪ. ಇಂತಹ ಮನೆಗಳಲ್ಲಿ ಬೆಳೆದ ತರುಣಿಯರಿಗೆ ಲೋಕದ ಪರಿಚಯವಾಗುತ್ತಿದ್ದುದು ಮಾತಿನ ಮೂಲಕ. ಹಿರಿಯರು ಅದನ್ನು ಕಾಡುಹರಟೆಯೆಂದು ಹಳಿಯುತ್ತಿದ್ದರು. ಧರ್ಮೋಪದೇಶಕರು ಅದನ್ನು ಪಾಪಗಳ ಪಟ್ಟಿಗೆ ಸೇರಿಸಿದ್ದರು. ಆದರೆ ಆ ಹುಡುಗಿಯರ ಪಾಲಿಗೆ ಅದು ಬದುಕಿಗೆ ಬೇಕಾದ ತಿಳಿವಳಿಕೆಯೇ ಆಗಿತ್ತು.

(ದಕ್ಷಿಣದ ಹತ್ತಿ, ಹೊಗೆಸೊಪ್ಪಿನ ತೋಟಗಳಲ್ಲಿ ಗುಲಾಮಗಿರಿಯ ನೊಗ ಹೊತ್ತಿದ್ದ ಕಪ್ಪು ಹೆಣ್ಣುಮಕ್ಕಳ ಬಾಳು ಬೇರೆ ಬಗೆಯದು. ಇಲ್ಲಿ ಹೇಳುತ್ತಿರುವುದು ನ್ಯೂ ಇಂಗ್ಲೆಂಡಿನ ಬಿಳಿಯ ಒಕ್ಕಲಿಗರ ಮನೆಗಳ ವಿಚಾರ.)

ಆ ತರುಣಿಯರಿಗೆ ಬಿಡುವೆಂಬುದು ಹೆಚ್ಚಾಗಿ ಇರಲಿಲ್ಲ. ಹಾಲು ಕರೆಯುವುದು, ಬೆಣ್ಣೆ ಕಡೆಯುವುದು, ಉಣ್ಣೆ ನೂಲುವುದು, ನೇಯುವುದು, ಮೇಣದ ಬತ್ತಿ ಎರೆಯುವುದು ಇವೆಲ್ಲ ಅವರ ಪಾಲಿನ ಕೆಲಸಗಳು. ಮನೆಯಲ್ಲಿ ಹೆಣ್ಣುಮಕ್ಕಳು ಹೆಚ್ಚಿದ್ದರೆ ಒಬ್ಬಳು ನೆರೆಮನೆಗೆ ಕೆಲವು ವಾರಗಳ ಮಟ್ಟಿಗೆ ಕೆಲಸಕ್ಕೆ ಹೋಗುವುದೂ ಉಂಟು. ಅಲ್ಲಿ ಆಕೆ ಮನೆಯವರೊಡನೆಯೇ ಕುಳಿತು ಉಣ್ಣುತ್ತಿದ್ದಳು. ಹೀಗೆ ಮನೆಯಿಂದ ಮನೆಗೆ ಹೋಗುವ ಹುಡುಗಿಯ ಜೊತೆಯಲ್ಲಿ ಸುದ್ದಿಯೂ ಹೋಗುತ್ತಿತ್ತು.

ದೊಡ್ಡ ಕೆಲಸ ಬಂದಾಗ ನೆರೆಹೊರೆಯವರೆಲ್ಲ ಕೂಡಿ ಮಾಡುವುದು ರೂಢಿ. ನಮ್ಮ ಹಳ್ಳಿಗಳ ಮುಯ್ಯಾಳಿನಂತೆ, ಇಂದು ನಿನ್ನ ಮನೆಯ ಕೆಲಸಕ್ಕೆ ನಾನು, ನಾಳೆ ನನ್ನ ಮನೆಯ ಕೆಲಸಕ್ಕೆ ನೀನು. ಸೇಬನ್ನು ಸುಲಿದು ಹೋಳು ಮಾಡಿ ಒಣಗಿಸುವುದಕ್ಕೂ ಮೆಕ್ಕೆಜೋಳದ ತೆನೆ ಸುಲಿಯುವುದಕ್ಕೂ ಇಂತಹ ಕೂಟಗಳು ನಡೆಯುತ್ತಿದ್ದವು. ತೆನೆ ಸುಲಿಯುವಾಗ ಕೆಂಪು ಕಾಳಿನ ತೆನೆ ದೊರೆತವನಿಗೆ ಮೆಚ್ಚಿದ ಹುಡುಗಿಯ ಕೆನ್ನೆಗೆ ಮುತ್ತಿಡುವ ಸಲಿಗೆಯಿತ್ತು. ಆದುದರಿಂದ ಆ ಕೂಟಕ್ಕೆ ತರುಣರು ತಪ್ಪಿಸಿಕೊಳ್ಳುತ್ತಿರಲಿಲ್ಲ.

ಈ ಕೂಟಗಳಲ್ಲೆಲ್ಲ ಹೆಣ್ಣುಮಕ್ಕಳಿಗೆ ತೀರ ಪ್ರಿಯವಾದುದು ಕೌದಿ ಹೊಲಿಯುವ ಕೂಟ. ನಾಲ್ಕು ಮರದ ಪಟ್ಟಿಗಳ ಚೌಕಟ್ಟಿಗೆ ಕೌದಿಯನ್ನು ಬಿಗಿಯಾಗಿ ಎಳೆದು ಕಟ್ಟುತ್ತಿದ್ದರು. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಉಣ್ಣೆ ಇಲ್ಲವೆ ಹತ್ತಿ. ಅದರ ಸುತ್ತ ಕುಳಿತ ಹೆಂಗಸರು ಅಂಚಿನಿಂದ ಹೊಲಿಯುತ್ತ ಬಂದು, ಹೊಲಿದಷ್ಟನ್ನು ಸುತ್ತಿಕೊಳ್ಳುತ್ತ ನಡುವಿನತ್ತ ಸಾಗುವರು. ಕಣ್ಣು ಸೂಜಿಯ ಮೇಲೆ, ಕೈ ಬಟ್ಟೆಯ ಮೇಲೆ. ಬಾಯಿ, ಕಿವಿಗಳಿಗೆ ಮಾತ್ರ ಪೂರ್ಣ ಬಿಡುವು. ಗಂಟೆಗಟ್ಟಲೆ ಮುಖಾಮುಖಿ ಕುಳಿತಾಗ ಮಾತು ತಾನಾಗಿ ಹರಿಯುತ್ತಿತ್ತು. ಯಾರ ಮನೆಗೆ ಯಾವ ತರುಣ ಬಂದುಹೋಗುತ್ತಿದ್ದಾನೆ, ಯಾರು ಹೊಲ ಮಾರಿ ಪಶ್ಚಿಮಕ್ಕೆ ಹೊರಟಿದ್ದಾರೆ, ಯಾರು ಕುಡಿತಕ್ಕೆ ಬಿದ್ದಿದ್ದಾರೆ ಎಂಬುದೆಲ್ಲ ಅಲ್ಲಿ ಹೊರಬೀಳುತ್ತಿತ್ತು. ಹುಡುಗಿಯರು ಹಿರಿಯರ ಮಾತಿಗೆ ಕಿವಿಗೊಟ್ಟೇ ಅರ್ಧ ಲೋಕವನ್ನು ಕಲಿಯುತ್ತಿದ್ದರು. ಸಂಜೆಗೆ ಗಂಡಸರೂ ಬಂದು ಸೇರಿ ಊಟ, ಪಿಟೀಲಿನ ಗತ್ತಿಗೆ ಕುಣಿತ ನಡೆಯುವುದಿತ್ತು.

ಭಾನುವಾರ ಚರ್ಚಿನಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಪ್ರಾರ್ಥನೆ. ದೂರದಿಂದ ಬಂದವರು ನಡುವಣ ವೇಳೆಯಲ್ಲಿ ಬುತ್ತಿ ಬಿಚ್ಚಿ ಕುಳಿತಾಗ ವಾರದ ಸುದ್ದಿಯೆಲ್ಲ ಕೈ ಬದಲಾಗುತ್ತಿತ್ತು. ಮ್ಯಾಸಚೂಸೆಟ್ಸಿನಲ್ಲಿ ಮದುವೆಯ ನಿಶ್ಚಯವನ್ನು ಮುಂಚಿತವಾಗಿ ಸಾರ್ವಜನಿಕವಾಗಿ ಸಾರಬೇಕೆಂಬ ಕಾನೂನು ಇತ್ತು. ಪ್ರಕಟಣೆ ಬಾಗಿಲಿಗೆ ಅಂಟುವ ಮೊದಲೇ ಕೌದಿಯ ಸುತ್ತ ಕುಳಿತವರಿಗೆ ಅದು ತಿಳಿದುಹೋಗಿರುತ್ತಿದ್ದುದೂ ಉಂಟು.

ಇಂಗ್ಲಿಷಿನಲ್ಲಿ ಇಂತಹ ಮಾತಿಗೆ ‘ಗಾಸಿಪ್’ ಎಂದು ಹೆಸರು. ಆ ಪದದ ಹಳೆಯ ಅರ್ಥ ‘ದೇವರ ಸಾಕ್ಷಿಯಾಗಿ ಆದ ನಂಟರು’, ಎಂದರೆ ಮಗುವಿನ ದೀಕ್ಷಾಸ್ನಾನದಲ್ಲಿ ಹೊಣೆ ನಿಲ್ಲುವವರು. ಮುಂದೆ ಅದು ಹೆರಿಗೆಯ ವೇಳೆ ನೆರವಿಗೆ ಬರುವ ಗೆಳತಿಯರಿಗೂ ಸಂದಿತು. ಅಲ್ಲಿಂದ ಅವರ ಮಾತಿಗೆ, ಕೊನೆಗೆ ಚಾಡಿಮಾತಿಗೆ ಇಳಿಯಿತು.

ಆ ಮಾತು ಹುಡುಗಿಯರಿಗೆ ಏಕೆ ಅಷ್ಟು ಮುಖ್ಯವಾಗಿತ್ತೆಂಬುದು ಅಂದಿನ ಕಾನೂನನ್ನು ನೋಡಿದರೆ ತಿಳಿಯುತ್ತದೆ. ಮದುವೆಯಾದ ಹೆಣ್ಣಿಗೆ ತನ್ನದೆಂಬ ಆಸ್ತಿಯಾಗಲಿ ಗಳಿಕೆಯಾಗಲಿ ಬಹುಮಟ್ಟಿಗೆ ಇರಲಿಲ್ಲ. ಆಕೆ ದುಡಿದ ಹಣವೂ ಗಂಡನಿಗೆ ಸೇರಿದ್ದು. ತನ್ನ ಹೆಸರಿನಲ್ಲಿ ಕರಾರು ಮಾಡಿಕೊಳ್ಳುವ ಹಕ್ಕಾಗಲಿ, ದಾವೆ ಹೂಡುವ ಹಕ್ಕಾಗಲಿ ಅವಳಿಗಿರಲಿಲ್ಲ. ಈ ಸ್ಥಿತಿ ಸಡಿಲಗೊಳ್ಳತೊಡಗಿದುದು ಮಿಸಿಸಿಪಿ 1839ರಲ್ಲಿ, ನ್ಯೂಯಾರ್ಕ್ 1848ರಲ್ಲಿ ವಿವಾಹಿತೆಯರ ಆಸ್ತಿಹಕ್ಕಿನ ಕಾನೂನು ಮಾಡಿದ ಮೇಲೆ. ಹೀಗಿರುವಾಗ ವರನ ಆಯ್ಕೆಯಲ್ಲಿ ತಪ್ಪಿದರೆ ಬಾಳೇ ತಪ್ಪಿದಂತೆ. ಅವನು ಸಾಲಗಾರನೇ, ಮುಂಗೋಪಿಯೇ, ಬೇರೊಬ್ಬಳಿಗೆ ಮಾತು ಕೊಟ್ಟು ಕೈಬಿಟ್ಟವನೇ ಎಂಬುದು ಯಾವ ದಾಖಲೆಯಲ್ಲಿಯೂ ಸುಲಭವಾಗಿ ಸಿಗುವಂಥದಲ್ಲ. ಅದನ್ನು ಹೇಳಬಲ್ಲವರು ಅವನ ನೆರೆಮನೆಯ ಹೆಂಗಸರು.

ಕಾಪಾಡುವ ಈ ಮಾತೇ ಕೊಲ್ಲಲೂ ಬಲ್ಲುದಾಗಿತ್ತು. ಮದುವೆಯ ಹೊರತು ಹೆಣ್ಣಿಗೆ ಬೇರೆ ಆಸರೆ ವಿರಳವಾಗಿದ್ದ ಕಾಲದಲ್ಲಿ ಹುಡುಗಿಯ ಹೆಸರಿಗೆ ಒಮ್ಮೆ ಮಸಿ ಬಿದ್ದರೆ ತೊಳೆಯುವುದು ದುಸ್ತರ. ಚರ್ಚಿನ ಸಭೆಗಳು ಚಾಡಿ ಹೇಳಿದವರನ್ನು ಕರೆಸಿ, ಎಲ್ಲರೆದುರು ತಪ್ಪೊಪ್ಪಿಕೊಳ್ಳುವಂತೆ ಮಾಡಿದ್ದುಂಟು. ನ್ಯಾಯಾಲಯದ ದಾರಿ ಇನ್ನೂ ಕಠಿಣ. ಇಂಗ್ಲೆಂಡಿನಿಂದ ಬಂದ ಹಳೆಯ ನ್ಯಾಯಪದ್ಧತಿಯಂತೆ, ಶೀಲಕ್ಕೆ ಕಳಂಕ ಹಚ್ಚಿದ ಮಾತಿನಿಂದ ತನಗೆ ಹಣದ ರೂಪದ ನಷ್ಟವಾಯಿತೆಂದು ಹೆಣ್ಣು ರುಜುವಾತುಪಡಿಸಬೇಕಾಗಿತ್ತು. ಉತ್ತರ ಕ್ಯಾರೊಲಿನ ಸಂಸ್ಥಾನವು 1808ರಲ್ಲಿ ಶಾಸನ ಮಾಡಿ, ಅಂತಹ ಮಾತಿಗಾಗಿಯೇ ದಾವೆ ಹೂಡಲು ಅವಕಾಶ ಕೊಟ್ಟಿತು.

ಊರು ಬಿಟ್ಟು ಹೋದ ಗೆಳತಿಯೊಡನೆ ಮಾತು ಮುಂದುವರಿಯುತ್ತಿದ್ದುದು ಕಾಗದದಲ್ಲಿ. ನ್ಯೂ ಇಂಗ್ಲೆಂಡಿನ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಆಗಲೇ ಓದುಬರಹ ಬರುತ್ತಿತ್ತು. ಆದರೆ 1845ಕ್ಕೆ ಮುಂಚೆ ಅಂಚೆಯ ದರ ವಿಪರೀತ. ಒಂದೇ ಹಾಳೆಯ ಪತ್ರ 400 ಮೈಲಿಗೂ ದೂರ ಹೋಗಬೇಕಾದರೆ 25 ಸೆಂಟು. ಎರಡು ಹಾಳೆಯಾದರೆ ಅದರ ಇಮ್ಮಡಿ. ಹಣ ಕೊಡಬೇಕಾದವರು ಸಾಮಾನ್ಯವಾಗಿ ಪತ್ರ ಪಡೆಯುವವರು. 1814ರಲ್ಲಿ ಮ್ಯಾಸಚೂಸೆಟ್ಸಿನ ಹಳ್ಳಿಶಾಲೆಯಲ್ಲಿ ಉಪಾಧ್ಯಾಯಿನಿಯಾದ ಮೇರಿ ಲಯನ್ ಎಂಬ ತರುಣಿಯ ಸಂಬಳ ವಾರಕ್ಕೆ 75 ಸೆಂಟು ಎಂಬುದನ್ನು ನೆನೆದರೆ ಈ ದರದ ಭಾರ ತಿಳಿಯುತ್ತದೆ. (ಮುಂದೆ 1837ರಲ್ಲಿ ಮೌಂಟ್ ಹೋಲಿಯೋಕ್ ಎಂಬ ಮಹಿಳಾ ವಿದ್ಯಾಲಯವನ್ನು ಸ್ಥಾಪಿಸಿದವರು ಇವರೇ.) ಆದ್ದರಿಂದ ಒಂದೇ ಹಾಳೆಯಲ್ಲಿ ಎಲ್ಲವನ್ನೂ ಹಿಡಿಸಬೇಕು. ಅಡ್ಡಲಾಗಿ ಬರೆದು ತುಂಬಿದ ಮೇಲೆ ಹಾಳೆಯನ್ನು ತಿರುಗಿಸಿ ಅದೇ ಸಾಲುಗಳ ಮೇಲೆ ಉದ್ದಕ್ಕೂ ಬರೆಯುವರು. ಊರ ಸುದ್ದಿಗಾಗಿ ಹಂಬಲಿಸುವ ಗೆಳತಿ ಅದನ್ನು ದೀಪದ ಬೆಳಕಿನಲ್ಲಿ ಬಿಡಿಸಿ ಓದಬೇಕಿತ್ತು.

1823ರಲ್ಲಿ ಲೋವೆಲ್ ಎಂಬಲ್ಲಿ ಬಟ್ಟೆಯ ಗಿರಣಿಗಳು ಆರಂಭವಾದವು. ಮನೆಯ ರಾಟೆಗಳು ಮೂಲೆ ಸೇರಿದವು. ನೂಲುತ್ತಿದ್ದ ಹುಡುಗಿಯರು ಗಿರಣಿಯ ಕೆಲಸಕ್ಕೆ ಹೊರಟರು. ವಸತಿಗೃಹಗಳಲ್ಲಿ ಒಂದೊಂದು ಕೋಣೆಯಲ್ಲಿ ಹಲವರು ಕೂಡಿ ಬಾಳಿದರು. ಹಳ್ಳಿಯ ಹರಟೆ ಅಲ್ಲಿಗೂ ಬಂದಿತು; ಆದರೆ ವಿಷಯ ಬದಲಾಯಿತು. 1834ರಲ್ಲಿ ಕೂಲಿ ಇಳಿಸಿದಾಗ, ಮತ್ತೆ 1836ರಲ್ಲಿ ವಸತಿಯ ವೆಚ್ಚ ಏರಿಸಿದಾಗ, ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಗಿರಣಿಯಿಂದ ಹೊರನಡೆದರು. ಎರಡನೆಯ ಸಲ ಅವರ ಸಂಖ್ಯೆ ಸಾವಿರವನ್ನು ಮೀರಿತ್ತು.

ಕೌದಿಯ ಸುತ್ತ ಆಡಿದ ಮಾತುಗಳಲ್ಲಿ ಬಹುಪಾಲು ಗಾಳಿಗೆ ಹೋದವು. ಉಳಿದುದರಲ್ಲಿ ಅಮೂಲ್ಯವಾದುದು ಮಾರ್ತಾ ಬ್ಯಾಲರ್ಡ್ ಎಂಬ ಸೂಲಗಿತ್ತಿಯ ದಿನಚರಿ. ಕೆನೆಬೆಕ್ ನದಿಯ ದಡದ ಹ್ಯಾಲೊವೆಲ್ ಊರಿನಲ್ಲಿದ್ದ ಆಕೆ 1785ರಿಂದ 1812ರವರೆಗೆ ಅದನ್ನು ಬರೆದಳು. ತಾನು ಮಾಡಿಸಿದ 816 ಹೆರಿಗೆಗಳ ಜೊತೆಗೆ ಯಾರು ನೂಲಿದರು, ಯಾರು ನೇಯ್ದರು, ಯಾರು ಕೌದಿ ಹೊಲಿಯಲು ಬಂದರು, ಯಾರ ಮೇಲೆ ಯಾವ ಆಪಾದನೆ ಬಂತು ಎಂಬುದನ್ನೂ ಗುರುತಿಸಿದಳು. ಆಕೆಯ ವಂಶದವರು 1930ರಲ್ಲಿ ಅದನ್ನು ಮೈನ್ ಸಂಸ್ಥಾನದ ಗ್ರಂಥಾಲಯಕ್ಕೆ ಕೊಟ್ಟರು. ಕ್ಷುಲ್ಲಕ ಸಂಗತಿಗಳೇ ತುಂಬಿವೆಯೆಂದು ಅದನ್ನು ಬದಿಗಿಟ್ಟ ಇತಿಹಾಸಕಾರರಿದ್ದರು. ಲಾರೆಲ್ ಥ್ಯಾಚರ್ ಉಲ್ರಿಚ್ ಅದೇ ಕ್ಷುಲ್ಲಕ ಸಂಗತಿಗಳನ್ನು ಎಳೆಎಳೆಯಾಗಿ ಬಿಡಿಸಿ ಓದಿ 1990ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮರುವರ್ಷ ಅದಕ್ಕೆ ಇತಿಹಾಸದ ಪುಲಿಟ್ಜರ್ ಪಾರಿತೋಷಕ ಸಂದಿತು.